ಎಣ್ಣೆ ಚೆಲ್ಲಿದ ನೆಲಕ್ಕೆ ಹುಲ್ಲಿನ ಬೇರು

ಎಣ್ಣೆ ಚೆಲ್ಲಿದ ನೆಲವನ್ನು ಹುಲ್ಲು ಬೆಳೆಸಿ ಶುದ್ಧ ಮಾಡುವುದಾದರೆ ಮೊದಲು ಅಗೆದು ನೋಡಿ. ಡೀಸೆಲ್ ಅಥವಾ ಕಚ್ಚಾ ಎಣ್ಣೆ ಅರ್ಧ ಮೀಟರಿಗಿಂತ ಕೆಳಗೆ ಇಳಿದಿದ್ದರೆ ಹುಲ್ಲಿನಿಂದ ಹೆಚ್ಚೇನೂ ಆಗದು. ಎಣ್ಣೆಯನ್ನು ತಿಂದು ಮುಗಿಸುವುದು ಬೇರಿನ ಸುತ್ತಲಿನ ಬ್ಯಾಕ್ಟೀರಿಯಾ, ಶಿಲೀಂಧ್ರಗಳು. ಬೇರು ಅವಕ್ಕೆ ಸಕ್ಕರೆ ಒಸರುತ್ತದೆ, ಮಣ್ಣನ್ನು ಸಡಿಲಿಸಿ ಗಾಳಿಯನ್ನು ಒಳಗೆ ಬಿಡುತ್ತದೆ. ಬೇರು ಹೋಗದ ಕಡೆ ಈ ಕೆಲಸ ನಡೆಯುವುದಿಲ್ಲ.

ನಿಂತ ಎಣ್ಣೆ, ಜಿಡ್ಡುಗಟ್ಟಿದ ಹೆಂಟೆಗಳನ್ನು ತೆಗೆದುಹಾಕಿ. ಆಮೇಲೆ ಐದಾರು ಕಡೆಯ ಮಣ್ಣು ಬೆರೆಸಿ, ಪ್ಲಾಸ್ಟಿಕ್ ಬೇಡ, ಗಾಜಿನ ಬಾಟಲಿಯಲ್ಲಿ ತಣ್ಣಗಿಟ್ಟು ಪ್ರಯೋಗಾಲಯಕ್ಕೆ ಕೊಡಿ. ಒಟ್ಟು ಪೆಟ್ರೋಲಿಯಂ ಹೈಡ್ರೋಕಾರ್ಬನ್ (ಮಣ್ಣಿನಲ್ಲಿರುವ ಎಣ್ಣೆಯ ಒಟ್ಟು ಪ್ರಮಾಣ), ಪಿಎಚ್ (ಹುಳಿ-ಕ್ಷಾರದ ಮಟ್ಟ), ಉಪ್ಪಿನಂಶ, ಸೀಸ ಇಷ್ಟನ್ನು ಕೇಳಿ. ಮಣ್ಣಿನ ತೂಕದಲ್ಲಿ ಎಣ್ಣೆ ಶೇ. 1–2 ಇದ್ದರೆ ನೇರವಾಗಿ ಬಿತ್ತಬಹುದು. ಶೇ. 5 ದಾಟಿದರೆ ಹೆಚ್ಚಿನ ಗಿಡಗಳು ಸೊರಗುತ್ತವೆ. ಶುದ್ಧ ಮಣ್ಣು, ಕಾಂಪೋಸ್ಟ್ ಬೆರೆಸಿ ಸಾಂದ್ರತೆ ಇಳಿಸಲೇಬೇಕು. ಸೀಸ ಸಿಕ್ಕರೆ ಅದು ಕೊಳೆಯುವ ವಸ್ತುವಲ್ಲ, ದಾರಿಯೇ ಬೇರೆ.

ಎಣ್ಣೆ ಹಿಡಿದ ಮಣ್ಣು ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಹನಿ ಮೇಲೆಯೇ ಉರುಳುತ್ತದೆ. 20 ಸೆಂ.ಮೀ. ಆಳಕ್ಕೆ ಅಗೆದು, ಮೂರರಿಂದ ಐದು ಸೆಂ.ಮೀ. ದಪ್ಪ ಕಳಿತ ಕಾಂಪೋಸ್ಟ್ ಹರಡಿ ಬೆರೆಸಿ. ಹಸಿ ಗೊಬ್ಬರ, ಮರದ ಹೊಟ್ಟು ಬೇಡ. ಇರುವ ಸಾರಜನಕವನ್ನೂ ಹೊಟ್ಟು ಕಟ್ಟಿಹಾಕುತ್ತದೆ. ಎರಡು ವಾರ ಆಗಾಗ ತಿರುವಿ ಹಾಕಿ, ಎಣ್ಣೆಯ ಹಗುರ ಅಂಶ ಆವಿಯಾಗಿ ಹೋಗಲಿ. ಮೊಳಕೆಯನ್ನು ಮೊದಲು ಸುಡುವುದು ಅದೇ.

ಬಹುಪಾಲು ಜನ ಎಡವುವುದು ಸಾರಜನಕದಲ್ಲಿ. ಎಣ್ಣೆ ತಿನ್ನುವ ಸೂಕ್ಷ್ಮಜೀವಿಗಳಿಗೆ ಇಂಗಾಲ, ಸಾರಜನಕ, ರಂಜಕ 100:10:1 ಇರಲಿ ಎನ್ನುವ ಸೂತ್ರವಿದೆ. ಶೇ. 1 ಎಣ್ಣೆ ಇರುವ ಒಂದು ಚದರ ಮೀಟರಿಗೆ, 20 ಸೆಂ.ಮೀ. ಆಳಕ್ಕೆ ಲೆಕ್ಕ ಹಾಕಿದರೆ ಸುಮಾರು 480 ಗ್ರಾಂ ಯೂರಿಯಾ ಬರುತ್ತದೆ. ಒಂದೇ ಸಲ ಹಾಕಿದಿರೋ, ಗಿಡ ಸುಟ್ಟೇ ಹೋಗುತ್ತದೆ. ಚದರ ಮೀಟರಿಗೆ 10 ಗ್ರಾಂನಂತೆ ತಿಂಗಳಿಗೊಮ್ಮೆ ಹಾಕಿ ನೀರು ಕೊಡಿ. ಎಲೆ ಹಳದಿಯಾದರೆ ಎಣ್ಣೆಯ ವಿಷವೇ ಎಂದುಕೊಳ್ಳಬೇಡಿ. ಸೂಕ್ಷ್ಮಜೀವಿಗಳು ಸಾರಜನಕವನ್ನು ಗಿಡಕ್ಕಿಂತ ಮೊದಲೇ ಕಬಳಿಸಿರುವ ಸಾಧ್ಯತೆಯೇ ಹೆಚ್ಚು.

ಗಿಡದ ಆಯ್ಕೆಯಲ್ಲಿ ಜಾಸ್ತಿ ತಲೆಕೆಡಿಸಿಕೊಳ್ಳಬೇಕಿಲ್ಲ. ನವುರು ಬೇರಿನ ಜಾಲ ಹೆಣೆಯುವ ಗರಿಕೆ, ಲಾವಂಚ, ಜೋಳ, ಜೊತೆಗೆ ಗಾಳಿಯ ಸಾರಜನಕವನ್ನು ಮಣ್ಣಿಗೆ ಕಟ್ಟುವ ಕುದುರೆ ಮೆಂತ್ಯ (ಲೂಸರ್ನ್). ಎರಡು ಕುಂಡಗಳಲ್ಲಿ, ಒಂದರಲ್ಲಿ ಈ ಮಣ್ಣು, ಇನ್ನೊಂದರಲ್ಲಿ ಶುದ್ಧ ಮಣ್ಣು, 25ರಂತೆ ಬೀಜ ಹಾಕಿ ನೋಡಿ. ಈ ಮಣ್ಣಿನ ಮೊಳಕೆ ಶುದ್ಧ ಮಣ್ಣಿನದರ ಅರ್ಧಕ್ಕಿಂತ ಕಡಿಮೆಯಾದರೆ ಬೀಜದ ಬದಲು ಲಾವಂಚದ ಬುಡ, ಗರಿಕೆಯ ಕಡ್ಡಿ ನಾಟಿ ಮಾಡಿ. ಬೀಜವಾದರೆ ಎಂದಿನದಕ್ಕಿಂತ ಒಂದೂವರೆ ಪಟ್ಟು ದಟ್ಟವಾಗಿ ಬಿತ್ತಿ.

ಮಣ್ಣು ಸದಾ ಹದವಾಗಿರಲಿ, ನೀರು ಮಾತ್ರ ನಿಲ್ಲಬಾರದು. ಗಾಳಿ ಇಲ್ಲದಿದ್ದರೆ ಕೊಳೆಯುವಿಕೆ ತೀರಾ ನಿಧಾನವಾಗುತ್ತದೆ. ಮಳೆಗೆ ಎಣ್ಣೆ ಹರಿದು ಹೋಗದಂತೆ ಸುತ್ತ ಬದು ಹಾಕಿ. ದನ ಬಿಡಬೇಡಿ, ಅಲ್ಲಿ ಬೆಳೆದ ಜೋಳ ತಿನ್ನಬೇಡಿ.

ಹೋಲಿಸಿ ನೋಡಲು ನೆಲದ ಒಂದು ತುಂಡನ್ನು ಗಿಡ ಹಾಕದೆ ಹಾಗೇ ಬಿಟ್ಟು, ಆರು ತಿಂಗಳಿಗೊಮ್ಮೆ ಎರಡೂ ಕಡೆಯ ಮಣ್ಣನ್ನು ಪರೀಕ್ಷಿಸಿ. ಡೀಸೆಲ್ ಬೇಗ ಇಳಿಯುತ್ತದೆ. ಡಾಂಬರಿನಂಥ ಭಾರದ ಅಂಶಕ್ಕೆ ಎರಡು-ಮೂರು ವರ್ಷ ಬೇಕು, ಅದರಲ್ಲೂ ಒಂದು ಪಾಲು ಉಳಿದೇ ಉಳಿಯುತ್ತದೆ.