ಮೊದಲು ಎರಡನ್ನೆಲ್ಲ ತೆಗೆದಿಡಿ: ಬೆಸ, ಸಮ ಅಪವರ್ತನ ಎಣಿಸುವ ನನ್ನ ದಾರಿ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ನಾನು ಗಣಿತ ಹೇಳಿಕೊಡುತ್ತೇನೆ. '360ಕ್ಕೆ ಎಷ್ಟು ಸಮ ಅಪವರ್ತನಗಳಿವೆ?' ಅಂತ ಕೇಳಿದರೆ ಬಹಳ ಜನ 1, 2, 3 ಅಂತ ಒಂದೊಂದಾಗಿ ಭಾಗಿಸಿ ನೋಡುತ್ತಾರೆ. ನಡುವೆ ಒಂದು ಬಿಟ್ಟುಹೋದರೂ ಉತ್ತರ ಕೆಟ್ಟಿತು. ಸೂತ್ರ ಬಾಯಿಪಾಠ ಮಾಡಿದವರ ಕತೆಯೂ ಅಷ್ಟೇ, ಘಾತಕ್ಕೆ ಒಂದು ಸೇರಿಸಬೇಕಾ ಬೇಡ್ವಾ ಅನ್ನೋದೇ ಪರೀಕ್ಷೆಯಲ್ಲಿ ಮರೆತುಹೋಗುತ್ತದೆ.

ನಾನು ಮಾಡಿಸುವುದು ಹೀಗೆ. ಎರಡರಿಂದ ಭಾಗಿಸುತ್ತಾ ಹೋಗಿ, ಇನ್ನು ಆಗಲ್ಲ ಅನ್ನುವಲ್ಲಿ ನಿಲ್ಲಿಸಿ. 360, 180, 90, 45. ಮೂರು ಸಲ ಭಾಗವಾಯಿತು, ಉಳಿದದ್ದು 45. ಈಗ 45ರ ಅಪವರ್ತನಗಳನ್ನು ಒಂದೇ ಸಾಲಲ್ಲಿ ಬರೆಯಿರಿ:

1, 3, 5, 9, 15, 45

360ರ ಬೆಸ ಅಪವರ್ತನಗಳು ಇವೇ ಆರು, ಬೇರೆ ಒಂದೂ ಇಲ್ಲ, ಯಾಕಂದ್ರೆ ಎರಡು ಒಂದೇ ಒಂದು ಸಲ ಗುಣಿಸಿಕೊಂಡರೂ ಸಂಖ್ಯೆ ಸಮವಾಗಿಬಿಡುತ್ತದೆ. ಇದರ ಕೆಳಗೆ ಪ್ರತಿಯೊಂದನ್ನೂ ದುಪ್ಪಟ್ಟು ಮಾಡಿ. ಎರಡನ್ನು ಮೂರು ಸಲ ತೆಗೆದಿದ್ದೆವಲ್ಲ, ಹಾಗಾಗಿ ದುಪ್ಪಟ್ಟೂ ಮೂರು ಸಲ:

2, 6, 10, 18, 30, 90
4, 12, 20, 36, 60, 180
8, 24, 40, 72, 120, 360

ಮೇಲಿನ ಸಾಲು ಬೆಸ, ಕೆಳಗಿನ ಮೂರೂ ಸಮ. ಬೆಸ 6, ಸಮ 18, ಒಟ್ಟು 24. ಸೂತ್ರ ಬೇಕೇ ಆಗಲಿಲ್ಲ.

ಅಭ್ಯಾಸಕ್ಕೆ ಇಸವಿಗಳನ್ನೇ ಕೊಡುತ್ತೇನೆ. 2024 ಅಂದರೆ 8 × 253. 253ಕ್ಕೆ 1, 11, 23, 253 ಇವೆ, ಅಂದರೆ ಬೆಸ 4, ಸಮ 12. 2026 ಅಂದರೆ 2 × 1013, ಈ 1013 ಅವಿಭಾಜ್ಯ. ಎರಡು ಒಂದೇ ಸಲ ಇರೋದರಿಂದ ಬೆಸವೂ ಎರಡು, ಸಮವೂ ಎರಡು. ಎರಡು ಒಂದೇ ಸಲ ಬರುವ ಎಲ್ಲ ಸಂಖ್ಯೆಗೂ ಹೀಗೆ ಸಮಪಾಲೇ. ನಡುವಿನ 2025 ನನಗೆ ತುಂಬಾ ಇಷ್ಟ. ಅದು 45 × 45, ಅದರಲ್ಲಿ ಎರಡೇ ಇಲ್ಲ, ಹಾಗಾಗಿ 15 ಅಪವರ್ತನಗಳೂ ಬೆಸ.

ಇಲ್ಲೇ ಎಲ್ಲರೂ ಎಡವುವುದು. 'ಅಪವರ್ತನಗಳು ಬೆಸ' ಅನ್ನೋದು ಬೇರೆ, 'ಅಪವರ್ತನಗಳ ಎಣಿಕೆ ಬೆಸ' ಅನ್ನೋದು ಬೇರೆ. ಅಪವರ್ತನಗಳು ಜೋಡಿಯಾಗಿ ಬರುತ್ತವೆ: 2025ರಲ್ಲಿ 1ಕ್ಕೆ 2025, 3ಕ್ಕೆ 675, 5ಕ್ಕೆ 405. ಆದರೆ 45ಕ್ಕೆ ಜೋಡಿ ಅದೇ 45. ಅದೊಂದು ಒಂಟಿಯಾಗಿ ಉಳಿಯುವುದರಿಂದ ಎಣಿಕೆ ಬೆಸವಾಗುತ್ತದೆ. ಇದು ಪೂರ್ಣ ವರ್ಗಗಳಿಗೆ ಮಾತ್ರ ಆಗುವಂಥದ್ದು. 36 ನೋಡಿ. ಅದಕ್ಕೆ 9 ಅಪವರ್ತನ, ಎಣಿಕೆ ಬೆಸವೇ, ಆದರೆ ಅದರಲ್ಲಿ 6 ಸಮ. ಪ್ರಶ್ನೆಪತ್ರಿಕೆ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು!

ಸಮಯ ಉಳಿದರೆ ಇನ್ನೊಂದು ತೋರಿಸುತ್ತೇನೆ. 15ರ ಬೆಸ ಅಪವರ್ತನಗಳು 1, 3, 5, 15. ಇದರಲ್ಲಿ 1 ಬಿಟ್ಟರೆ ಮೂರು. 15ನ್ನು ಒಂದರ ಪಕ್ಕ ಒಂದು ಬರುವ, ಸೊನ್ನೆಗಿಂತ ದೊಡ್ಡ ಪೂರ್ಣ ಸಂಖ್ಯೆಗಳ ಮೊತ್ತವಾಗಿ ಬರೆಯುವ ದಾರಿಗಳೂ ಮೂರೇ: 7+8, 4+5+6, 1+2+3+4+5. ಇದು ಯಾವ ಸಂಖ್ಯೆಗಾದರೂ ನಿಜ. ಆಮೇಲೆ ಸುಮ್ನೆ 16 ಕೊಟ್ಟು ಕೂರುತ್ತೇನೆ. ಅದರ ಬೆಸ ಅಪವರ್ತನ 1 ಒಂದೇ, ಹಾಗಾಗಿ ಎಷ್ಟು ತಡಕಾಡಿದರೂ ಒಂದು ದಾರಿಯೂ ಸಿಗಲ್ಲ.