ವಾಷಿಂಗ್ ಮಷೀನಿನ ನೀರು ಹೊರಹೋಗದಿದ್ದಾಗ: ನನ್ನ ಅನುಭವ

ನಮ್ಮ ಫ್ರಂಟ್ ಲೋಡ್ ವಾಷಿಂಗ್ ಮಷೀನಿನಲ್ಲಿ ಒಗೆತ ಮುಗಿದರೂ ನೀರು ಡ್ರಮ್ಮಿನಲ್ಲೇ ಉಳಿಯುತ್ತಿತ್ತು. ಪಂಪ್ ಗುಂಯ್‌ಗುಡುತ್ತಿತ್ತು, ಅಷ್ಟೆ. ಸ್ವಿಚ್ ಆರಿಸಿ ಮತ್ತೆ ಹಾಕಿದ್ದು, ಸ್ಪಿನ್ ಮಾತ್ರ ನಡೆಸಿದ್ದು, ಡ್ರೈನ್ ಪೈಪಿನ ಮಡಿಕೆ ಬಿಡಿಸಿದ್ದು, ಫಿಲ್ಟರ್ ತೊಳೆದದ್ದು ಯಾವುದೂ ಫಲಿಸಲಿಲ್ಲ. ತೊಡಕು ಇದ್ದದ್ದು ಫಿಲ್ಟರಿನ ಹಿಂದೆ, ಪಂಪಿನ ರೆಕ್ಕೆಚಕ್ರದಲ್ಲಿ.

ಪ್ಲಗ್ ಕಿತ್ತು, ನಲ್ಲಿ ಮುಚ್ಚಿ, ನೀರು ತಣ್ಣಗಾದ ಮೇಲೆ ಕೆಳಗಿನ ಸಣ್ಣ ಕೊಳವೆಯಿಂದ ಅದನ್ನು ಆಳವಿಲ್ಲದ ತಟ್ಟೆಗೆ ಹಲವು ಸಲ ಬಸಿದೆ. ಅನಂತರ ಫಿಲ್ಟರನ್ನು ಎಡಕ್ಕೆ ತಿರುಗಿಸಿ ತೆಗೆದು ಟಾರ್ಚ್ ಹಿಡಿದಾಗ, ರೆಕ್ಕೆಗಳ ಬುಡದಲ್ಲಿ ದಾರ ಸುತ್ತಿಕೊಂಡು ಅದರ ನಡುವೆ ಹೇರ್‌ಪಿನ್ ಸಿಕ್ಕಿಕೊಂಡಿರುವುದು ಕಂಡಿತು. ಚಿಮಟದಿಂದ ಎರಡನ್ನೂ ಎಳೆದು ತೆಗೆದು, ಚಕ್ರವನ್ನು ಬೆರಳಿನಿಂದ ಪೂರ್ತಿ ಒಂದು ಸುತ್ತು ತಿರುಗಿಸಿ ನೋಡಿದೆ. ಅದು ತಡೆತಡೆದು ತಿರುಗುವುದು ಒಳಗಿನ ಆಯಸ್ಕಾಂತದಿಂದಲೇ ಹೊರತು ದೋಷದಿಂದಲ್ಲ. ಫಿಲ್ಟರನ್ನು ಬಿಗಿಯಾಗಿ ಕೂರಿಸಿ, ಬಟ್ಟೆ ಹಾಕದೆ ಮೊದಲು ರಿನ್ಸ್, ಆಮೇಲೆ ಡ್ರೈನ್ ನಡೆಸಿದಾಗ ನೀರೆಲ್ಲ ಹೊರಹೋಯಿತು. ಮುಚ್ಚಳದ ಬಳಿ ಸೋರಿಕೆಯೂ ಇರಲಿಲ್ಲ.