ಅಪ್ಪನ ಠೇವಣಿ, ನನ್ನ ರಿಟರ್ನ್

ನಾನು ಎಚ್‌1ಬಿ ಉದ್ಯೋಗ ವೀಸಾದಲ್ಲಿ ಅಮೆರಿಕಕ್ಕೆ ಹೋದದ್ದು 2022ರ ಡಿಸೆಂಬರ್ ಕೊನೆಗೆ. ಸಂಬಳ ಶುರುವಾದದ್ದು ಜನವರಿಯಿಂದ. ಹಾಗಾಗಿ 2023ರ ಇಡೀ ವರ್ಷಕ್ಕೆ ಅಲ್ಲಿನ ತೆರಿಗೆ ಕಾನೂನಿನ ಕಣ್ಣಿಗೆ ನಾನು ನಿವಾಸಿ. ನಿವಾಸಿಯಾದವನು ಯಾವ ದೇಶದ ಆದಾಯವನ್ನೂ ಮುಚ್ಚಿಡುವಂತಿಲ್ಲ. ಇದರ ಬಿಸಿ ತಟ್ಟಿದ್ದು 2024ರ ಫೆಬ್ರವರಿಯಲ್ಲಿ, ತಂಗಿಯ ಮದುವೆಗೆ ಮೈಸೂರಿಗೆ ಬಂದು, ಕುವೆಂಪುನಗರದ ಮನೆಯ ಊಟದ ಮೇಜಿನ ಮೇಲೆ ಅಮೆರಿಕದ ತೆರಿಗೆ ರಿಟರ್ನ್ ತುಂಬಲು ಲ್ಯಾಪ್‌ಟಾಪ್ ತೆರೆದಾಗ.

ಸಂಬಳದ ಲೆಕ್ಕ ಸಲೀಸು. ಸಂಬಳ, ಕಡಿತವಾದ ತೆರಿಗೆಯ ವಿವರವಾಗಿ ಕಂಪನಿ ಕೊಡುವ ಡಬ್ಲ್ಯು-2 ನಮ್ಮ ಫಾರ್ಮ್ 16ರ ದಾಯಾದಿ. ಅದರ ಅಂಕಿಗಳನ್ನು ಅಲ್ಲಿನ ರಿಟರ್ನ್ ನಮೂನೆಯಾದ ಫಾರ್ಮ್ 1040ಕ್ಕೆ ಇಳಿಸಿ, ಅವಿವಾಹಿತನಿಗೆ ಆ ವರ್ಷ ಇದ್ದ 13,850 ಡಾಲರ್ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದೆ. ಎಡವಿದ್ದು ಬಡ್ಡಿ, ಡಿವಿಡೆಂಡ್ ತೋರಿಸುವ ಶೆಡ್ಯೂಲ್ ಬಿಯ ಕೊನೆಯಲ್ಲಿ. ಹೊರದೇಶದಲ್ಲಿ ಖಾತೆ ಇದೆಯೇ? ಇದೆ. ಎಲ್ಲ ಖಾತೆಗಳೂ ಸೇರಿ ವರ್ಷದಲ್ಲಿ ಒಂದು ದಿನವಾದರೂ 10,000 ಡಾಲರ್ ದಾಟಿತ್ತೇ? ನನ್ನ ಉಳಿತಾಯ ಎರಡು ಲಕ್ಷ ಚಿಲ್ಲರೆ; ಡಾಲರಿಗೆ 83 ರೂಪಾಯಿಯಂತೆ ಹಿಡಿದರೆ ಮೂರು ಸಾವಿರವೂ ಆಗದು. ದಾಟಿಲ್ಲ ಎಂದುಕೊಂಡು ಮುಂದೆ ಹೋದೆ.

ಕಾಫಿ ತಂದಿಟ್ಟ ಅಪ್ಪ ಕೇಳಿದರು: "ನನ್ನ ಠೇವಣಿಗಳಲ್ಲೂ ನಿನ್ನ ಹೆಸರಿದೆಯಲ್ಲ, ಅದು ಲೆಕ್ಕಕ್ಕಿಲ್ಲವೇನೋ?"

ಇತ್ತು. ನಿವೃತ್ತಿಯ ಹಣವನ್ನೆಲ್ಲ ಅವರು ನನ್ನ ಹೆಸರನ್ನೂ ಸೇರಿಸಿ ಜಂಟಿಯಾಗಿ ಇಟ್ಟಿದ್ದರು. ಅದರಲ್ಲಿ ನನ್ನದು ಒಂದು ಪೈಸೆಯೂ ಇಲ್ಲ; ಬಡ್ಡಿ ಅವರದು, ಅದರ ತೆರಿಗೆಯೂ ಅವರದೇ. ಆದರೆ ಅವೂ ಸೇರಿ 10,000 ಡಾಲರ್ ದಾಟಿದ ಮೇಲೆ, ಹೊರದೇಶದ ಖಾತೆಗಳನ್ನು ತಿಳಿಸುವ ಎಫ್‌ಬಾರ್ ಎಂಬ ವರದಿಯಲ್ಲಿ ಜಂಟಿ ಖಾತೆಯ ಪೂರ್ತಿ ಮೊತ್ತವನ್ನು ನಾನು ತೋರಿಸಲೇಬೇಕು. ಅದು ರಿಟರ್ನ್ ಜೊತೆ ಹೋಗುವುದಿಲ್ಲ, ಅಮೆರಿಕದ ಹಣಕಾಸು ಇಲಾಖೆಯ ಘಟಕವಾದ ಫಿನ್‌ಸೆನ್‌ನ ಜಾಲತಾಣದಲ್ಲಿ ಬೇರೆಯಾಗಿ ಸಲ್ಲಿಸಬೇಕು.

"ನನ್ನ ದುಡ್ಡಿನ ಲೆಕ್ಕ ಅಮೆರಿಕದವರಿಗೇಕೆ?" ಎಂದು ಅಪ್ಪ ಗೊಣಗಿದರು. ತೆರಿಗೆ ಕಟ್ಟುವುದೇನಿಲ್ಲ, ಇದೆ ಎಂದು ಹೇಳುವುದಷ್ಟೇ ಎಂದೆ. ಅರ್ಧ ನಂಬಿದರು.

ಇನ್ನೊಂದು ತೊಡಕು ವರ್ಷದ್ದು. ನಮ್ಮ ಬ್ಯಾಂಕು ಬಡ್ಡಿಯ ಪ್ರಮಾಣಪತ್ರ ಕೊಡುವುದು ಏಪ್ರಿಲ್‌ನಿಂದ ಮಾರ್ಚ್‌ಗೆ, ಅಮೆರಿಕಕ್ಕೆ ಬೇಕಾದದ್ದು ಜನವರಿಯಿಂದ ಡಿಸೆಂಬರ್‌ಗೆ. ನನ್ನ ಖಾತೆಯ ಬಡ್ಡಿಯನ್ನು ಪಾಸ್‌ಬುಕ್ಕಿನಿಂದ ಸಾಲುಸಾಲಾಗಿ ಹೆಕ್ಕಿದೆ. ಪ್ರಿಂಟರ್ ಒಂದರ ಮೇಲೊಂದು ಹೊಡೆದ ಎರಡು ಸಾಲುಗಳನ್ನು ಭೂತಗನ್ನಡಿ ಹಿಡಿದು ಓದಬೇಕಾಯಿತು. ಎಫ್‌ಬಾರ್‌ಗಾದರೋ ಪ್ರತಿ ಖಾತೆಯಲ್ಲಿ ವರ್ಷದ ಅತಿ ಹೆಚ್ಚಿನ ಮೊತ್ತ ಬೇಕು. ಅಲ್ಲಿ ನನ್ನನ್ನು ಉಳಿಸಿದ್ದು ಅಪ್ಪನ ಡೈರಿ. ಯಾವ ಠೇವಣಿ ಎಂದು ಮಾಗಿತು, ಬಡ್ಡಿ ಸೇರಿಸಿ ಎಷ್ಟಕ್ಕೆ ನವೀಕರಿಸಿದರು, ರಸೀದಿ ಸಂಖ್ಯೆ ಎಷ್ಟು ಎಂಬುದೆಲ್ಲ ನೀಲಿ ಶಾಯಿಯಲ್ಲಿತ್ತು. ನಡುನಡುವೆ ಹಾಲಿನವನ ಬಾಕಿ.

ಆ ವಾರವೇ ಶಾಖೆಗೂ ಹೋದೆವು. ವಿದೇಶಕ್ಕೆ ಹೋದವರು ಮಾಮೂಲಿ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳ ರೂಪಾಯಿ ಖಾತೆ, ಮಾಡಿಸಬೇಕು. ವರ್ಷ ಕಳೆದರೂ ನಾನು ಮಾಡಿಸಿರಲಿಲ್ಲ, ತಪ್ಪು ನನ್ನದೇ. ಅರ್ಜಿ ತುಂಬುತ್ತಿದ್ದಾಗ ಅಪ್ಪ, "ಠೇವಣಿಗಳಿಂದ ನಿನ್ನ ಹೆಸರು ತೆಗೆಸಿಬಿಡಲೇ?" ಎಂದರು. ಬೇಡ ಎಂದೆ.

ರಿಟರ್ನ್ ಮತ್ತು ಎಫ್‌ಬಾರ್ ಎರಡೂ ಏಪ್ರಿಲ್ 15ಕ್ಕೆ ಮೊದಲೇ ಹೋದವು. ಈಗ ಯಾವ ಠೇವಣಿ ಮಾಗಿದರೂ ಅಪ್ಪ ಡೈರಿಯ ಆ ಪುಟದ ಫೋಟೊ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತಾರೆ, ಹಾಲಿನ ಬಾಕಿಯ ಸಮೇತ.